ಸುಪ್ರೀಮ್ಸ್ ತಂಡದ 1964ರ ಎಲ್‌ಪಿ: ಕೊಳ್ಳುವುದಾದರೆ ಮೋನೋ

ಡೆಟ್ರಾಯಿಟ್‌ನ ಸುಪ್ರೀಮ್ಸ್ ತಂಡದ 'ವೇರ್ ಡಿಡ್ ಅವರ್ ಲವ್ ಗೋ' ಎಲ್‌ಪಿ (ಹಲವು ಹಾಡುಗಳ ಗ್ರಾಮಫೋನ್ ತಟ್ಟೆ) ಮೋನೋ, ಸ್ಟೀರಿಯೋ ಎರಡರಲ್ಲೂ ಬಂದಿದೆ. ಮೋನೋ ಎಂದರೆ ಎಲ್ಲ ಸದ್ದೂ ಒಂದೇ ವಾಹಿನಿಯಲ್ಲಿ, ಸ್ಟೀರಿಯೋ ಎಂದರೆ ಎಡ, ಬಲ ಎರಡರಲ್ಲಿ. ದುಡ್ಡು ಹಾಕುವುದಾದರೆ ಮೋನೋಗೇ ಹಾಕಿ. ಅದನ್ನು ಹೊರತಂದ ಮೋಟೌನ್ ಕಂಪನಿ ಆಗ ದನಿ, ವಾದ್ಯಗಳನ್ನು ಬೆರೆಸಿ ಮಿಕ್ಸ್ ಮಾಡುತ್ತಿದ್ದದ್ದೇ ಕಾರಿನ ರೇಡಿಯೋದ ಪುಟ್ಟ ಸ್ಪೀಕರ್‌ಗೆ ಹೊಂದುವಂತೆ. ಸ್ಟೀರಿಯೋದಲ್ಲಿ ದನಿ, ವಾದ್ಯಗಳೆಲ್ಲ ಎಡಬಲಕ್ಕೆ ಹರಡಿಕೊಂಡು ಆ ಬಿಗಿ ಸಡಿಲವಾಗುತ್ತದೆ.

ಶೀರ್ಷಿಕೆ ಹಾಡನ್ನೇ ಕೇಳಿ. ಮೊದಲು ಕಿವಿಗೆ ಬೀಳುವುದು ಕಾಲಿನ ಸದ್ದು. ಮೈಕ್ ವಾಲ್ವಾನೋ ಮರದ ಹಲಗೆಯ ಮೇಲೆ ತುಳಿದು ಹಾಕಿದ ತಾಳ ಅದು. ಮೋಟೌನ್‌ನದೇ ಇನ್ನೊಂದು ಗಾಯಕಿಯರ ತಂಡ ಮಾರ್ವೆಲೆಟ್ಸ್ ಬೇಡವೆಂದ ಹಾಡಿದು. ಅವರ ಗಾಯಕಿಗೆಂದು ಹಿಡಿದ ಶ್ರುತಿ ತಗ್ಗಿನದು, ಹಾಗಾಗಿ ಸುಪ್ರೀಮ್ಸ್‌ನ ಮುಖ್ಯ ಗಾಯಕಿ ಡಯಾನಾ ರಾಸ್ ರೂಢಿಯ ಎತ್ತರ ಬಿಟ್ಟು ಕೆಳಗಿಳಿದು ಹಾಡಬೇಕಾಯಿತು. ಆ ಮೆತ್ತನೆಯ, ಹತ್ತಿರದ ದನಿ ಹುಟ್ಟಿದ್ದು ಅಲ್ಲೇ. 1961ರಿಂದ ಹೆಚ್ಚಾಗಿ ಸೋಲುತ್ತಲೇ ಬಂದಿದ್ದ ತಂಡದ ಹಿಂದಿನ ಸಿಂಗಲ್ (ಬಿಡಿ ಹಾಡಿನ ತಟ್ಟೆ) ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 93ನೇ ಸ್ಥಾನಕ್ಕೇ ನಿಂತಿತ್ತು. ಇದು ಆಗಸ್ಟ್‌ನಲ್ಲಿ ಅದರ ಮೊದಲ ಸ್ಥಾನಕ್ಕೇರಿತು.

'ಬೇಬಿ ಲವ್' ಅದೇ ಅಚ್ಚಿನಲ್ಲಿ ಎರಕ ಹೊಯ್ದದ್ದು: ಅದೇ ಕಾಲ್ತಾಳ, ಅದೇ ಮೈಕ್ ಟೆರಿಯ ಬ್ಯಾರಿಟೋನ್ ಸ್ಯಾಕ್ಸೊಫೋನ್. ಮೊದಲ ರೆಕಾರ್ಡಿಂಗ್ ನಿಧಾನವಾಯಿತೆಂದು ಮೋಟೌನ್ ಮಾಲೀಕ ಬೆರ್ರಿ ಗಾರ್ಡಿ ಮತ್ತೆ ಮಾಡಿಸಿದರು. ಅದೂ, 'ಕಮ್ ಸೀ ಅಬೌಟ್ ಮಿ' ಕೂಡ ನಂಬರ್ ಒನ್. ಮೂರೂ ಮೊದಲ ಬದಿಯಲ್ಲೇ ಇವೆ.

ಹಾಗಾಗಿ ಹಳೆಯ ಪ್ರತಿಗಳಲ್ಲಿ ಆ ಬದಿಯೇ ಹೆಚ್ಚು ಸವೆದಿರುತ್ತದೆ. ಕೊಳ್ಳುವ ಮುನ್ನ ಅದರ ಐದನೇ ಹಾಡು 'ಕಮ್ ಸೀ' ಹಾಕಿಸಿ. ತಟ್ಟೆಯ ಒಳಸುತ್ತಿನಲ್ಲಿ ಗೀರು (ಮುಳ್ಳು ಓಡುವ ತೋಡು) ಸಾಗುವ ವೇಗ ಕಡಿಮೆ, ಸವೆತ ಮೊದಲು ತಿಳಿಯುವುದು ಅಲ್ಲೇ. 'ಸ'ಕಾರ ಬಂದಾಗಲೆಲ್ಲ ಕರಕರ ಎಂದರೆ, ತೊಳೆದರೂ ಹೋಗದಿದ್ದರೆ, ಗೀರು ಹಾಳಾಗಿದೆ, ಬಿಡಿ. ಬರೀ ಚಟಪಟ ಸದ್ದಾದರೆ ಧೂಳಿರಬಹುದು. ಮನೆಯಲ್ಲಿ ಸ್ಟೀರಿಯೋ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ಇದ್ದರೂ ಆಂಪ್ಲಿಫೈಯರ್‌ನ ಮೋನೋ ಗುಂಡಿ ಒತ್ತಿ. ಮುಳ್ಳು ಮೇಲೆ ಕೆಳಗೆ ಕುಣಿದು ಎಬ್ಬಿಸುವ ಗದ್ದಲ ಅಷ್ಟರಮಟ್ಟಿಗೆ ಅಳಿಯುತ್ತದೆ.

ಎರಡನೇ ಬದಿ ಏರುಪೇರು. ಆದರೆ ಮೋಟೌನ್‌ನ ಗಾಯಕ, ಗೀತರಚನೆಕಾರ ಸ್ಮೋಕಿ ರಾಬಿನ್ಸನ್ ಬರೆದ 'ಎ ಬ್ರೆತ್ ಟೇಕಿಂಗ್ ಗೈ' (1963) ದಾಟಿಸಬೇಡಿ. ಅದರ ಪಲ್ಲವಿ ಮೂವರ ಬಾಯಿಂದ ಬಾಯಿಗೆ ಹಾಯುತ್ತದೆ. ತಂಡದ ಉಳಿದಿಬ್ಬರಾದ ಫ್ಲಾರೆನ್ಸ್ ಬ್ಯಾಲರ್ಡ್, ಮೇರಿ ವಿಲ್ಸನ್ ದನಿಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಗೆಲುವು ಬಂದ ಮೇಲೆ ಆ ಇಬ್ಬರೂ ಹಿನ್ನೆಲೆಗೆ ಸರಿದರು. 1967ರಲ್ಲಿ ಬ್ಯಾಲರ್ಡ್ ತಂಡದಲ್ಲೇ ಉಳಿಯಲಿಲ್ಲ.