ಗ್ರೋ ಬ್ಯಾಗಿನ ಟೊಮೆಟೊಗೆ ಎರೆಗೊಬ್ಬರವೋ, 19 ಆಲ್ ಪುಡಿಯೋ?

ಬೆಂಗಳೂರಿನ ಗೊಬ್ಬರದಂಗಡಿಯಲ್ಲಿ ತಾರಸಿ ತೋಟಕ್ಕೆ ಏನಾದರೂ ಕೊಡಿ ಎಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕೈಗೆ ಬರುತ್ತದೆ: ಎರೆಗೊಬ್ಬರ ಮತ್ತು ಬೇವಿನ ಹಿಂಡಿ, ಇಲ್ಲವೇ ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ. 19), ಅಂದರೆ ಎಲ್ಲರೂ ಕರೆಯುವ 19 ಆಲ್. ಯಾವುದು ಮೇಲು ಎನ್ನುವುದಕ್ಕಿಂತ ಮೊದಲು ನಿಮ್ಮ ಬ್ಯಾಗಿನಲ್ಲಿ ಏನು ತುಂಬಿದೆ ನೋಡಿ. ಮಣ್ಣಿದ್ದರೆ ಎರೆಗೊಬ್ಬರ. ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಇದ್ದರೆ ಕರಗುವ ಗೊಬ್ಬರ. ಎರೆಗೊಬ್ಬರದ ಸಾರಜನಕವನ್ನು ಸೂಕ್ಷ್ಮಜೀವಿಗಳು ಒಡೆದು ಕೊಟ್ಟ ಮೇಲೆಯೇ ಅದು ಬೇರಿಗೆ ಸಿಗುವುದು. ಹೊಸ ಕೋಕೋಪೀಟಿನಲ್ಲಿ ಆ ಜೀವಿಗಳು ಸಾಲದು, ಗಿಡ ಹಸಿದೇ ಇರುತ್ತದೆ.

ಮಣ್ಣಿನ ದಾರಿಯನ್ನೇ ಮೊದಲು ನೋಡೋಣ. 12 ಇಂಚು ಅಗಲ, 12 ಇಂಚು ಎತ್ತರದ ಬ್ಯಾಗಿಗೆ ಸುಮಾರು 20 ಲೀಟರ್ ಹಿಡಿಯುತ್ತದೆ. ಅದಕ್ಕೆ 8 ಲೀಟರ್ ಕೆಂಪು ಮಣ್ಣು, 6 ಲೀಟರ್ ಎರೆಗೊಬ್ಬರ, 6 ಲೀಟರ್ ತೊಳೆದ ಕೋಕೋಪೀಟ್, 100 ಗ್ರಾಂ ಬೇವಿನ ಹಿಂಡಿ ಸಾಕು. ಕಲಸಿದ ದಿನವೇ ಸಸಿ ನೆಡಬೇಡಿ. ಹಿಂಡಿ ಕೊಳೆಯುವಾಗ ಬಿಸಿಯೂ ಅಮೋನಿಯಾವೂ ಹೊರಟು ಎಳೆಬೇರನ್ನು ಸುಡುತ್ತವೆ. ಒದ್ದೆ ಆರದಂತೆ 10ರಿಂದ 15 ದಿನ ನೆರಳಲ್ಲಿಟ್ಟು ನೆಟ್ಟರೆ ಆ ಭಯವಿಲ್ಲ. ಆಮೇಲೆ ಮೂರು ವಾರಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ, 25 ಗ್ರಾಂ ಹಿಂಡಿ ಬುಡದಿಂದ ನಾಲ್ಕು ಬೆರಳು ದೂರದಲ್ಲಿ ಮೇಲ್ಮಣ್ಣಿಗೆ ಕಲಸಿ ನೀರು ಹಾಕಿ.

ಎರೆಗೊಬ್ಬರ ಕೊಳ್ಳುವಾಗ ಚೀಲದ ಮೇಲಿನ ಅಂಕಿ ಓದಿ. ಸರ್ಕಾರಿ ಮಾನದಂಡದಂತೆ ಸಾರಜನಕ ಕನಿಷ್ಠ ಶೇ. 1, ರಂಜಕ ಮತ್ತು ಪೊಟ್ಯಾಷ್ ತಲಾ ಶೇ. 0.8, ತೇವ ಶೇ. 15ರಿಂದ 25 ಇರಬೇಕು. ಅಂಕಿಯೇ ಇಲ್ಲದೆ ಬರೀ ಎಲೆ-ಹೂವಿನ ಚಿತ್ರವಿರುವ ಚೀಲ ಬೇಡ. ಒಂದು ಹಿಡಿ ತೆಗೆದು ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆ ಬಂದರೆ ಎರೆಹುಳು ಇನ್ನೂ ಕೆಲಸ ಮುಗಿಸಿಲ್ಲ. ಒಂದು ಲೋಟ ನೀರಿಗೆ ಹಾಕಿ ಕದಡಿದಾಗ ತಳದಲ್ಲಿ ಮರಳು ದಪ್ಪಗೆ ಕೂತರೆ ನೀವು ದುಡ್ಡು ಕೊಟ್ಟಿದ್ದು ಮರಳಿಗೆ.

ಜೀವಾಮೃತವನ್ನು ಮಾತ್ರ ಊಟವೆಂದು ಲೆಕ್ಕ ಹಿಡಿಯಬೇಡಿ. 20 ಲೀಟರ್ ನೀರಿಗೆ 1 ಕೆಜಿ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು ಹಾಕಿ ಎರಡು ದಿನ ಹುಳಿಸಿದರೆ ಸಿಗುವುದು ಮಣ್ಣಿಗೆ ಹಾಕುವ ಹೆಪ್ಪು. ಹೆಪ್ಪಿಗೆ ಹಾಲು ಬೇಕಲ್ಲ, ಹಾಗೆ ಇದಕ್ಕೆ ಕೆಳಗೆ ಗೊಬ್ಬರವಿರುವ ಮಣ್ಣು ಬೇಕು.

ಈಗ 19 ಆಲ್. ಲೀಟರ್ ನೀರಿಗೆ 1 ಗ್ರಾಂ ಕರಗಿಸಿದರೆ ಸಾರಜನಕ 190 ಮಿಲಿಗ್ರಾಂ, ರಂಜಕ ಸುಮಾರು 83, ಪೊಟ್ಯಾಸಿಯಂ ಸುಮಾರು 158 ಸಿಗುತ್ತದೆ (ಚೀಲದ ಮೇಲಿನ ರಂಜಕ, ಪೊಟ್ಯಾಷ್ ಅಂಕಿ ಆಕ್ಸೈಡ್ ರೂಪದ ಲೆಕ್ಕ, ಅದರೊಳಗಿನ ಧಾತು ಅದಕ್ಕಿಂತ ಕಡಿಮೆ). ಸಸಿ ಬೆಳೆಯುವ ಹೊತ್ತಿಗೆ ಇದು ಒಳ್ಳೆಯ ಊಟವೇ. ಹೂವು ಬಂದ ಮೇಲೆ ಟೊಮೆಟೊಗೆ ಸಾರಜನಕಕ್ಕಿಂತ ಪೊಟ್ಯಾಸಿಯಂ ಹೆಚ್ಚು ಬೇಕು. ಆಗಲೂ ಇದನ್ನೇ ಸುರಿಯುತ್ತಾ ಹೋದರೆ ಎಲೆ ಕಡುಹಸಿರಾಗಿ ಸೊಕ್ಕುತ್ತದೆ, ಕಾಯಿ ಕಡಿಮೆ. ಮೊದಲ ಗೊಂಚಲು ಕಾಣುತ್ತಲೇ ಅರ್ಧ ಗ್ರಾಂ 19 ಆಲ್, ಅರ್ಧ ಗ್ರಾಂ 13:0:45 (ಪೊಟ್ಯಾಸಿಯಂ ನೈಟ್ರೇಟ್) ಎಂದು ಬದಲಿಸಿ.

19 ಆಲ್‌ನ ದೊಡ್ಡ ಕೊರತೆ, ಚೀಟಿಯಲ್ಲಿ ಯಾರೂ ಗಮನಿಸದ್ದು, ಕ್ಯಾಲ್ಸಿಯಂ ಇಲ್ಲದಿರುವುದು. ಕೋಕೋಪೀಟ್ ತಾನೇ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವ ವಸ್ತು, ಹಾಗಾಗಿ ಪೆಟ್ಟು ಎರಡು ಪಾಲು. ಕಾಯಿಯ ತುದಿ ಕಪ್ಪಾಗಿ ಒಳಗೆ ಕುಸಿಯುತ್ತದೆ. ರೋಗವೆಂದು ತಿಳಿದು ಔಷಧಿ ಹೊಡೆದು ಉಪಯೋಗವಿಲ್ಲ. ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ 1 ಗ್ರಾಂನಂತೆ ವಾರಕ್ಕೆ ಎರಡು ಸಲ, ಬೇರೆ ದಿನ, ಬೇರೆ ಬಕೆಟ್ಟಿನಲ್ಲಿ ಕೊಡಿ. ಇದನ್ನೂ 19 ಆಲ್ ಅನ್ನೂ ಗಟ್ಟಿಯಾಗಿ ಒಟ್ಟಿಗೆ ಕದಡಿದರೆ ಕ್ಯಾಲ್ಸಿಯಂ ರಂಜಕವನ್ನು ಹಿಡಿದು ಬಿಳಿ ಗಸಿಯಾಗಿ ತಳಕ್ಕಿಳಿಯುತ್ತದೆ. ಆ ಗಸಿ ಗಿಡಕ್ಕೆ ದಕ್ಕುವುದಿಲ್ಲ. ನೀರು ಒಂದು ದಿನ ತಪ್ಪಿ ಮರುದಿನ ಎರಡು ಪಾಲು ಹಾಕುವ ಮನೆಗಳಲ್ಲಂತೂ ಕ್ಯಾಲ್ಸಿಯಂ ಎಷ್ಟಿದ್ದರೂ ತುದಿ ಕೊಳೆಯುತ್ತದೆ, ಏಕೆಂದರೆ ಅದು ಕಾಯಿಗೆ ತಲುಪುವುದು ನೀರಿನ ಓಟದ ಜೊತೆಗೇ.

ನೀರಲ್ಲಿ ಕರಗಿದ ಉಪ್ಪನ್ನು ಅಳೆಯುವ ಇಸಿ ಮೀಟರ್ ಇಟ್ಟುಕೊಂಡವರು ಇನ್ನೊಂದನ್ನು ನೆನಪಿಡಿ: 19 ಆಲ್‌ನ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಯೂರಿಯಾ. ಯೂರಿಯಾ ಮೀಟರಿಗೆ ಕಾಣುವುದಿಲ್ಲ. ಅಂಕಿ ಕಡಿಮೆ ಇದೆಯೆಂದು ಪುಡಿ ಸೇರಿಸುತ್ತಾ ಹೋಗಬೇಡಿ. ಪ್ರತಿ ಸಲ ಹಾಕಿದ ನೀರಿನಲ್ಲಿ ಹತ್ತರಲ್ಲೊಂದು ಪಾಲಾದರೂ ಕೆಳಗಿನ ತೂತಿನಿಂದ ಹೊರಬರಬೇಕು. ಬ್ಯಾಗಿನ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿ, ಎಲೆ ತುದಿ ಒಣಗತೊಡಗಿದರೆ 20 ಲೀಟರಿನ ಬ್ಯಾಗಿಗೆ 40 ಲೀಟರ್ ಬರೀ ನೀರು ನಿಧಾನವಾಗಿ ಹರಿಸಿ, ಎರಡು ದಿನ ಬಿಟ್ಟು ಅರ್ಧ ಪ್ರಮಾಣದಿಂದ ಶುರುಮಾಡಿ.

ಪೂರ್ತಿ ಕೋಕೋಪೀಟಿನಲ್ಲೇ ಬೆಳೆಯುವವರಿಗೆ ನಮ್ಮ ಆಯ್ಕೆ 19 ಆಲ್ ಅಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಣ್ಣಿಲ್ಲದ ತರಕಾರಿ ಬೆಳೆಗೆಂದೇ ಅರ್ಕಾ ಸಸ್ಯ ಪೋಷಕ್ ರಸ್ ಎಂಬ ದ್ರವ ರೂಪಿಸಿದೆ. ಎ ಮತ್ತು ಬಿ ಎಂದು ಎರಡು ಭಾಗವಿರುವ ಇಂಥ ಪೋಷಕಾಂಶಗಳನ್ನು ಒಂದೊಂದಾಗಿ ತುಂಬಾ ನೀರಿಗೆ ಬೆರೆಸಬೇಕು. ಎರಡು ಬಾಟಲಿಯನ್ನು ನೇರ ಒಂದಕ್ಕೊಂದು ಸುರಿದರೆ ಮೇಲೆ ಹೇಳಿದ ಗಸಿಯೇ ಗತಿ.

ಮಣ್ಣಿನ ಬ್ಯಾಗಿಗೆ ಆಗಾಗ 19 ಆಲ್ ಸೇರಿಸಬಾರದೇ? ಸೇರಿಸಬಹುದು, ಲೀಟರಿಗೆ ಅರ್ಧ ಗ್ರಾಂ, 15 ದಿನಕ್ಕೊಮ್ಮೆ, ಹಿಂಡಿ ಹಾಕಿದ ವಾರ ಬಿಟ್ಟು. ಎರೆಹುಳು ಸಾಯುವಷ್ಟು ಉಪ್ಪು ಅದರಲ್ಲಿಲ್ಲ.

ಬೋರ್‌ವೆಲ್ ನೀರು ಹಾಕುವವರಿಗೆ ಯಾವ ದಾರಿಯಲ್ಲೂ ಬರುವ ತೊಂದರೆ ಕಬ್ಬಿಣದ ಕೊರತೆ: ಹೊಸ ಚಿಗುರು ಹಳದಿ, ನರ ಮಾತ್ರ ಹಸಿರು. ಇದಕ್ಕೆ ಅಂಗಡಿಯವರು ಕೊಡುವ ಇಡಿಟಿಎ ಕಬ್ಬಿಣ (ಇಡಿಟಿಎ ಎಂದರೆ ಕಬ್ಬಿಣವನ್ನು ಕರಗಿದಂತೆ ಹಿಡಿದಿಡುವ ರಾಸಾಯನಿಕ) ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 6.5 ದಾಟಿದರೆ ನಿಲ್ಲುವುದಿಲ್ಲ. ಇಡಿಡಿಎಚ್‌ಎ ಎಂದು ಬರೆದಿರುವ ಕೆಂಪು ಬಣ್ಣದ್ದನ್ನು ಕೇಳಿ ತನ್ನಿ.