ಗಾಳಿಗೂ ಬಿಲ್ಲು: ನಮ್ಮ ಬಡಾವಣೆಯ ನೀರು ಮತ್ತು ಒಳಚರಂಡಿ ಸೇವೆ

ಐದಕ್ಕೆ ಮೂರು ನಕ್ಷತ್ರ. ಉಳಿದ ಎರಡನ್ನು ಗಾಳಿ ಹೊತ್ತುಕೊಂಡು ಹೋಯಿತು.

ಹಾಸನದ ಹೊರವಲಯದ ನಮ್ಮ ಬಡಾವಣೆಯಲ್ಲಿ ನೀರು ಬಿಡುವುದು, ಕೊಳಚೆ ಸಾಗಿಸುವುದು ಎರಡೂ ನಿವಾಸಿಗಳ ಸಂಘದ ಕೆಲಸ. ಹತ್ತಾರು ಮನೆಗಳಿದ್ದ ಕಾಲಕ್ಕೆ ಎಲ್ಲರಿಗೂ ತಿಂಗಳಿಗೆ ಒಂದೇ ಮೊತ್ತ. ಖಾಲಿ ನಿವೇಶನಗಳೆಲ್ಲ ತುಂಬಿ, ಬಾಡಿಗೆಯ ಮಹಡಿಗಳು ಒಂದರ ಮೇಲೊಂದು ಏರಿದ ಮೇಲೆ ಪ್ರತಿ ಮನೆಗೂ ಮೀಟರ್ ಕೂರಿಸಿದರು. ಮನೆಯಲ್ಲಿ ನಾವಿಬ್ಬರೇ, ನಿವೃತ್ತಿ ವೇತನದ ಸಂಸಾರ. ಬಳಸಿದಷ್ಟಕ್ಕೆ ಹಣ ಎಂದಾಗ ಸಭೆಯಲ್ಲಿ ಮೊದಲು ಕೈ ಎತ್ತಿದವನು ನಾನು.

ನಮ್ಮದು ಏರಿನ ತುದಿಯ ಮನೆ. ದಿನ ಬಿಟ್ಟು ದಿನ, ಬೆಳಗಿನ ಜಾವ ನೀರು. ನೀರುಗಂಟಿ ಕೆಳಗಡೆ ವಾಲ್ವ್ ತಿರುಗಿಸಿದ ಸ್ವಲ್ಪ ಹೊತ್ತಿಗೆ ನಮ್ಮ ಅಂಗಳದ ನಲ್ಲಿ ಬುಸುಗುಟ್ಟುತ್ತದೆ, ಕೆಮ್ಮುತ್ತದೆ, ಕೆಂಪಗೆ ಉಗುಳುತ್ತದೆ, ಆಮೇಲೆ ನೀರು ಕೊಡುತ್ತದೆ. ಬುಸುಗುಟ್ಟುವ ಹೊತ್ತಿನಲ್ಲಿ ಟಾರ್ಚ್ ಹಿಡಿದು ಮೀಟರ್ ನೋಡಬೇಕು: ಮುಳ್ಳು ಗಿರಗಿರನೆ ತಿರುಗುತ್ತಿರುತ್ತದೆ. ನೆಲದಡಿಯ ಸಂಪ್ ತೊಟ್ಟಿಗೆ ಇನ್ನೂ ಒಂದು ಹನಿ ಬಿದ್ದಿರುವುದಿಲ್ಲ!

ಇದರಲ್ಲಿ ಮಾಯವೇನೂ ಇಲ್ಲ. ಸರದಿ ಮುಗಿದು ವಾಲ್ವ್ ಮುಚ್ಚಿದರೆ, ಎತ್ತರದ ಕೊಳವೆಯಲ್ಲಿ ಉಳಿದ ನೀರು ತಗ್ಗಿನ ಮನೆಗಳತ್ತ ಇಳಿದುಹೋಗುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಸೇರುತ್ತದೆ. ಮುಂದಿನ ಸರದಿಯಲ್ಲಿ ಬರುವ ನೀರು ಅಷ್ಟನ್ನೂ ಮುಂದಕ್ಕೆ ತಳ್ಳಲೇಬೇಕು. ಮೀಟರಿನೊಳಗೆ ಇರುವುದು ಒಂದು ಪುಟ್ಟ ಚಕ್ರ. ತಳ್ಳುವುದು ನೀರೋ ಗಾಳಿಯೋ ಎಂದು ಅದು ವಿಚಾರಿಸುವುದಿಲ್ಲ.

ಸಂಘದವರು ನಂಬಲಿಲ್ಲ. ಹಾಗಾಗಿ ಬಿದಿರಿನ ಗಳವೊಂದಕ್ಕೆ ಅಡಿ, ಅಂಗುಲದ ಗುರುತು ಹಾಕಿಕೊಂಡೆ. ನಮ್ಮ ಸಂಪಿನ ತಳ ಆರಡಿಗೆ ಐದಡಿ; ನೀರು ಒಂದಡಿ ಏರಿದರೆ ಸುಮಾರು 850 ಲೀಟರ್. ನೀರು ಬರುವ ಮುನ್ನ ಪಂಪ್ ಸ್ವಿಚ್ ಆರಿಸಿ, ಗಳ ಇಳಿಸಿ, ಒದ್ದೆಯಾದ ಗೆರೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ನೀರು ನಿಂತ ಮೇಲೆ ಮತ್ತೊಮ್ಮೆ. ಇಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ, ನನ್ನ ಹೆಂಡತಿ ಅಡುಗೆಮನೆಯಿಂದಲೇ “ಇವತ್ತು ಎಷ್ಟು ಗಾಳಿ ಕುಡಿದಿರಿ?” ಎಂದು ಕೇಳುತ್ತಾಳೆ. ಗಳ 850 ಎಂದ ದಿನ ಮೀಟರ್ ಸಾವಿರ ಎನ್ನುತ್ತದೆ. ಬುಸುಗುಟ್ಟುವಿಕೆ ನಿಲ್ಲುವವರೆಗೆ ಗೇಟ್ ವಾಲ್ವ್ ಮುಚ್ಚಿಟ್ಟು ನೋಡಿದರೆ ಎರಡೂ ಲೆಕ್ಕ ಹೆಚ್ಚುಕಡಿಮೆ ಒಂದಾಗುತ್ತವೆ.

ಹಾಗಾದರೆ ದಿನವೂ ಮುಚ್ಚಿಟ್ಟರಾಯಿತಲ್ಲ ಎನ್ನುವಿರಿ. ಮುಚ್ಚಿಟ್ಟೆ. ಕೆಳಗಿನ ಮನೆಯವರು ಬಂದು, “ಮೇಷ್ಟ್ರೇ, ನಿಮ್ಮ ಗಾಳಿಯನ್ನೆಲ್ಲ ನಮ್ಮ ಮೀಟರಿಗೆ ದಾಟಿಸುತ್ತಿದ್ದೀರಲ್ಲ” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಇಷ್ಟಕ್ಕೇ ಮುಗಿದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಒಳಚರಂಡಿ ಶುಲ್ಕವನ್ನು ನೀರಿನ ಬಿಲ್ಲಿನ ಇಷ್ಟು ಪಾಲು ಎಂದು ಹಾಕುತ್ತಾರೆ. ಅಂದರೆ ಬಾರದ ನೀರಿಗೆ ಹಣ ಕೊಟ್ಟು, ಆ ಬಾರದ ನೀರನ್ನು ಬಚ್ಚಲಿನಿಂದ ಹೊರಗೆ ಸಾಗಿಸಿದ್ದಕ್ಕೂ ಹಣ ಕೊಟ್ಟ ಹಾಗಾಯಿತು. ಸಭೆಯಲ್ಲಿ ಕೇಳಿದೆ. “ನಿಯಮ ಎಲ್ಲರಿಗೂ ಒಂದೇ ಸಾರ್” ಎಂದರು ಖಜಾಂಚಿಗಳು. ಎಲ್ಲರ ಮನೆಯೂ ಒಂದೇ ಎತ್ತರದಲ್ಲಿ ಇಲ್ಲವಲ್ಲ!

ಹಣಕ್ಕಿಂತ ದೊಡ್ಡ ಚಿಂತೆ ಬೇರೆಯೇ ಇದೆ. ಕೊಳವೆ ಖಾಲಿಯಾಗುವಾಗ ಒಳಗೆ ಎಳೆತ ಹುಟ್ಟುತ್ತದೆ. ಸಡಿಲ ಜೋಡಣೆಯ ಸುತ್ತ ಕೊಳಚೆ ಜಿನುಗಿದ್ದರೆ ಅದನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕಾಗಿ ಮೊದಲ ಎರಡು ಬಕೆಟ್ ನೀರು ನಮ್ಮ ದಾಸವಾಳದ ಗಿಡಕ್ಕೆ ಮಾತ್ರ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ದಿನದ 24 ಗಂಟೆಯೂ ನೀರು ಕೊಡಲು ಶುರು ಮಾಡಿದರು. ಸದಾ ತುಂಬಿರುವ ಕೊಳವೆಯಲ್ಲಿ ಗಾಳಿಗೂ ಕೊಳಚೆಗೂ ಎಡೆ ಸಿಗುವುದು ಕಷ್ಟ. ಇಲ್ಲಿ ಅದು ಸದ್ಯಕ್ಕೆ ಆಗದ ಮಾತು. ನಮಗೆ ನೀರು ಬರುವುದು ಹೇಮಾವತಿ ನದಿಯ ಗೊರೂರು ಜಲಾಶಯದಿಂದ; ಅದರ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಹಾಸನ ಇರುವುದು ಅದಕ್ಕಿಂತ ಮೇಲೆ. ಹೇಮಾವತಿ ತುಂಬಿತೆಂದು ಪತ್ರಿಕೆಯಲ್ಲಿ ಚಿತ್ರ ಬಂದ ದಿನವೂ ಪಂಪ್ ಎತ್ತಿ ಕೊಟ್ಟರೆ ಮಾತ್ರ ನೀರು.

ಆದರೆ ಆ ಹೇಮಾವತಿ ನೀರಿನ ಬಗ್ಗೆ ಕೆಟ್ಟ ಮಾತು ಆಡಲಾರೆ. ಬೋರ್‌ವೆಲ್ ನೀರಿನಲ್ಲಿ ತೊಗರಿಬೇಳೆ ಎಷ್ಟು ಕೂಗು ಕೂಗಿಸಿದರೂ ಕಾಳುಕಾಳಾಗಿಯೇ ಉಳಿಯುತ್ತಿತ್ತು, ಕಾಸಿದ ಪಾತ್ರೆಯ ತಳಕ್ಕೆ ಬಿಳಿ ಹೊಪ್ಪಳೆ. ಈಗ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ಕಾಫಿಯ ವಿಷಯ ಬಿಡಿ, ಅದಕ್ಕೆ ಬೇರೆಯದೇ ವಿಮರ್ಶೆ ಬರೆಯಬೇಕು.

ಒಳಚರಂಡಿಯ ಕಡೆಯಿಂದಲೂ ತಕರಾರಿಲ್ಲ. ಹಳೆಯ ಬಾಡಿಗೆ ಮನೆಯಲ್ಲಿ ಮಳೆಗಾಲ ಬಂತೆಂದರೆ ಪಿಟ್ ತುಂಬಿ, ಸಕ್ಕಿಂಗ್ ಯಂತ್ರದವರಿಗೆ ಫೋನ್ ಮಾಡಿ ಕಾಯುವ ಕರ್ಮ ಇತ್ತು. ಇಲ್ಲಿ ಆ ತಾಪತ್ರಯವಿಲ್ಲ. ಆಷಾಢದ ಜಡಿಮಳೆಯಲ್ಲಿ ಮಾತ್ರ ಕೆಳಗಿನ ಚೇಂಬರುಗಳು ಉಕ್ಕುತ್ತವೆ. ತಾರಸಿಯ ಮಳೆನೀರಿನ ಪೈಪನ್ನು ಗುಟ್ಟಾಗಿ ಚರಂಡಿಗೆ ಕೊಟ್ಟವರು ಯಾರು ಯಾರೆಂದು ಬಡಾವಣೆಗೆಲ್ಲ ಗೊತ್ತು, ಹೇಳುವ ಧೈರ್ಯ ಸಂಘಕ್ಕಿಲ್ಲ.

ತಗ್ಗಿನಲ್ಲಿರುವ ಶುದ್ಧೀಕರಣ ಘಟಕ ನೋಡಲು ಒಮ್ಮೆ ಹೋಗಿದ್ದೆ. ಕೊಳಚೆಯನ್ನು ತಿಂದು ತಿಳಿಗೊಳಿಸುವ ಸೂಕ್ಷ್ಮಜೀವಿಗಳಿಗೆ ಉಸಿರು ಬೇಕು, ಅದಕ್ಕಾಗಿ ಬ್ಲೋವರ್ ತೊಟ್ಟಿಯ ತಳದಿಂದ ಗಾಳಿ ಊದುತ್ತಲೇ ಇರಬೇಕು. ಘಟಕದ ವಿದ್ಯುತ್ ಬಿಲ್ಲಿನ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಕರೆಂಟ್ ಬಹಳ ಹೊತ್ತು ಹೋದ ದಿನ ಆ ಕಡೆ ವಾಸನೆ ಏಳುವುದೂ ಇದರಿಂದಲೇ. ತಿಳಿಯಾದ ನೀರು ಉದ್ಯಾನದ ಹೊಂಗೆ ಸಾಲಿಗೆ ಹರಿಯುತ್ತದೆ. ಗಾಳಿಗೇ ದುಡ್ಡು ಕೊಡಬೇಕೆಂದರೆ ಈ ಗಾಳಿಗೆ ಕೊಡಲು ಸಿದ್ಧ ಎಂದು ನಿರ್ವಾಹಕ ಹುಡುಗನಿಗೆ ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ, ನಕ್ಕ.

ಕಳೆದ ಬೇಸಿಗೆಯಲ್ಲಿ ಸಂಘದವರು ಕೊನೆಗೂ ನಮ್ಮ ಏರಿನ ತುದಿಯ ಕೊಳವೆಗೆ, ಒಳಗಿನ ಗಾಳಿಯನ್ನು ಹೊರಬಿಡುವ ಏರ್ ವಾಲ್ವ್ ಕೂರಿಸಿದರು. ಬುಸುಗುಟ್ಟುವುದೆಲ್ಲ ಈಗ ಬಹುಪಾಲು ಅಲ್ಲೇ ರಸ್ತೆಬದಿಯಲ್ಲಿ ಮುಗಿಯುತ್ತದೆ. ಗಳ ಮತ್ತು ಮೀಟರಿನ ನಡುವಿನ ಜಗಳ ಇಳಿದಿದೆ, ಪೂರ್ತಿ ನಿಂತಿಲ್ಲ. ಹಳೆಯ ಬಿಲ್ಲುಗಳ ಹೆಚ್ಚುವರಿ ವಾಪಸ್ ಕೊಡುವ ಮಾತನ್ನು ಯಾರೂ ಎತ್ತುತ್ತಿಲ್ಲ, ಹಾಗಾಗಿ ನಕ್ಷತ್ರ ಮೂರೇ. ಆದರೂ ಒಂದೇ ಮೊತ್ತದ ಪದ್ಧತಿಗೆ ಮರಳೋಣ ಎಂದರೆ ನಾನು ಒಪ್ಪುವುದಿಲ್ಲ. ಆಗ ಕೆಳಗಿನ ಬೀದಿಯಲ್ಲಿ ಕಾರು ತೊಳೆದ ನೀರು ಮಧ್ಯಾಹ್ನದವರೆಗೂ ಹರಿಯುತ್ತಿತ್ತು. ಈ ಕಡೆ ನಿವೇಶನ ನೋಡಲು ಬರುವವರು ದಿಕ್ಕು, ವಾಸ್ತು ಕೇಳುವ ಮುನ್ನ ಏರ್ ವಾಲ್ವ್ ಎಲ್ಲಿದೆ ಎಂದು ಕೇಳಿ.