ಹವಾಯಿ ಚಪ್ಪಲಿ ಹಾಕಿಕೊಂಡು ನಿಯುವೆಗೆ ಹೋಗಬೇಡಿ

ಚಳಿಗಾಲ ಬಂದರೆ ಸಾಕು, ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿರುವ ನಮ್ಮವರು ಫಿಜಿ, ರಾರೊಟೊಂಗ ಅಂತ ಹೊರಡುತ್ತಾರೆ. ನಾವು ಸ್ವಲ್ಪ ಜಾಸ್ತಿ ಜಾಣತನ ತೋರಿಸಲು ಹೋಗಿ ನಿಯುವೆ ಆರಿಸಿಕೊಂಡೆವು. ಸುಮಾರು 1,700 ಜನರಿರುವ, ಪೆಸಿಫಿಕ್ ಸಾಗರದ ಪಾಲಿನೇಷ್ಯಾದ ದ್ವೀಪ, ವಿಮಾನದಲ್ಲಿ ಮೂರೂವರೆ ಗಂಟೆ. ಊರಿನದೇನೂ ತಪ್ಪಿಲ್ಲ. ನಾವು ಹೋದ ರೀತಿಯೇ ಸರಿಯಿರಲಿಲ್ಲ.

ಮೊದಲ ಎಡವಟ್ಟು ತಾರೀಖಿನದು. ಮಂಗಳವಾರ ಆಕ್ಲೆಂಡ್ ಬಿಟ್ಟರೆ ನಿಯುವೆಯಲ್ಲಿ ಇಳಿಯುವುದು ಸೋಮವಾರ! ನಡುವೆ ಅಂತರರಾಷ್ಟ್ರೀಯ ದಿನರೇಖೆ ಇದೆ, ಅದನ್ನು ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ ಹೋಗುತ್ತದೆ. ಶಾಲೆಯಲ್ಲಿ ಓದಿದ್ದೆ, ಬುಕ್ ಮಾಡುವಾಗ ನೆನಪಾಗಲಿಲ್ಲ. ರೂಮು ಮಂಗಳವಾರದಿಂದ ಹಿಡಿದಿದ್ದೆ. ಆಗಸ್ಟ್ ಅಂದರೆ ತಿಮಿಂಗಿಲಗಳ ಸೀಸನ್ನು, ಎಲ್ಲೂ ಜಾಗ ಖಾಲಿ ಇಲ್ಲ. ಮನೆಯೊಡತಿ ನಕ್ಕು, ಆ ಒಂದು ರಾತ್ರಿ ತಮ್ಮ ತಂಗಿಯ ಮನೆಯಲ್ಲಿ ಮಲಗಲು ಏರ್ಪಾಡು ಮಾಡಿಕೊಟ್ಟರು. ಪುಣ್ಯಾತ್ಗಿತ್ತಿ.

ಎರಡನೆಯದು ನಗುವ ವಿಷಯವಲ್ಲ.

ನಿಯುವೆ ಅಂದರೆ ಸಮುದ್ರದಿಂದ ಮೇಲೆದ್ದ ಹವಳದ ಬಂಡೆ. ಮರಳಿನ ಬೀಚು ಇಲ್ಲವೆನ್ನುವಷ್ಟು ಕಡಿಮೆ. ಹೊಳೆ, ಹಳ್ಳವೂ ಇಲ್ಲ. ಬಿದ್ದ ಮಳೆಯೆಲ್ಲ ಸುಣ್ಣಕಲ್ಲಿನೊಳಗೆ ಇಂಗಿಹೋಗುತ್ತದೆ. ಮಣ್ಣು ಕೊಚ್ಚಿಕೊಂಡು ಬಂದು ಕಡಲು ಸೇರುವುದೇ ಇಲ್ಲ, ಹಾಗಾಗಿ ನೀರು ಗಾಜಿನ ಹಾಗೆ ತಿಳಿ. ನಾನು ಮೋಸಹೋದದ್ದು ಅಲ್ಲೇ. ಗುರುವಾರ ಇಳಿತದ ಹೊತ್ತಲ್ಲಿ ಕಡಲಂಚಿನ ಬಂಡೆಗಳ ನಡುವಿನ ಲಿಮು ಕೊಳಗಳ ಹತ್ತಿರ ಹೋಗಿದ್ದೆವು. ನೀರು ಪಾದ ಮುಳುಗುವಷ್ಟು ಇದೆ ಅಂತ ಕಾಲಿಟ್ಟೆ, ಮೊಣಕಾಲಿನವರೆಗೆ ಇಳಿಯಿತು. ಚಪ್ಪಲಿ ಜಾರಿತು. ಹೆಸರಲ್ಲಿ ಹವಾಯಿ ಇದೆ ಅಂತ ಪಾಲಿನೇಷ್ಯಾದ ಬಂಡೆಗೆ ಆಗುತ್ತದೆ ಅಂದುಕೊಳ್ಳಬೇಡಿ. ಆ ಬಂಡೆ ಈಳಿಗೆಮಣೆಯಷ್ಟು ಹರಿತ.

ಅಂಗಾಲಿನ ಪಕ್ಕ ಎರಡಿಂಚು ಸೀಳಿತು. ರಕ್ತ ಬೇಗ ನಿಂತಿತು. ಉಪ್ಪುನೀರು ತಾಗಿದರೆ ತಾನೇ ವಾಸಿಯಾಗುತ್ತದೆ ಅಂತ ಸುಮ್ನೆ ಬಿಟ್ಟೆ. ಸಂಜೆ ಇನ್ನೊಂದು ಸಲ ಈಜಿದೆ ಕೂಡ!

ಶನಿವಾರ ಬೆಳಗ್ಗೆ ಪಾದ ಹಲಸಿನಕಾಯಿ ಆಗಿತ್ತು. ಚಳಿಜ್ವರ. ವಾರಕ್ಕೆ ಎರಡೇ ವಿಮಾನ, ಒಂದು ಹಿಂದಿನ ದಿನವೇ ಹೋಗಿಯಾಗಿತ್ತು, ಮುಂದಿನದು ಸೋಮವಾರ. ಆಸ್ಪತ್ರೆಯಲ್ಲಿ ನರ್ಸಮ್ಮ ಗಾಯವನ್ನು ಬ್ರಷ್ ಹಾಕಿ ತಿಕ್ಕಿದರು. ಮರಳಿನಂಥ ಬಿಳಿ ಚೂರುಗಳು ಬಂದವು. ಅವು ಒಳಗೇ ಉಳಿದರೆ ಗಾಯ ಮಾಯುವುದಿಲ್ಲವಂತೆ. ಡಾಕ್ಟರು ಆಂಟಿಬಯಾಟಿಕ್ ಕೊಟ್ಟು, ಕೆಂಪು ಎಲ್ಲಿಯವರೆಗೆ ಇದೆ ಅಂತ ಪೆನ್ನಿನಲ್ಲಿ ಗೆರೆ ಎಳೆದರು. ಗೆರೆ ದಾಟಿದರೆ ವಿಶೇಷ ವಿಮಾನ ತರಿಸಿ ಆಕ್ಲೆಂಡಿಗೆ ಕಳಿಸಬೇಕಾಗಬಹುದು, ಇನ್ಶೂರೆನ್ಸ್ ಇದೆಯಾ ಅಂದರು.

ಇದೆ ಅಂದೆ. ಕ್ರೆಡಿಟ್ ಕಾರ್ಡಿನ ಜೊತೆ ಪುಕ್ಕಟೆ ಬಂದದ್ದು. ಫೋನು ಮಾಡಿದರೆ, ಟಿಕೆಟ್ಟನ್ನೂ ಅದೇ ಕಾರ್ಡಿನಲ್ಲಿ ಕೊಂಡಿದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದಂತೆ. ನಾನು ಇನ್ನೊಂದು ಕಾರ್ಡಿನಲ್ಲಿ ಕೊಂಡಿದ್ದೆ. ಆ ರಾತ್ರಿ ಗಂಟೆಗೊಮ್ಮೆ ಟಾರ್ಚ್ ಬಿಟ್ಟು ಗೆರೆ ನೋಡಿದ್ದೇ ನೋಡಿದ್ದು. "ಶೂ ತಗೊಳ್ಳಿ ಅಂತ ಹೇಳಿರ್ಲಿಲ್ವಾ?" ಅಂತ ನನ್ನಾಕೆ ಒಂದೇ ಸಲ ಕೇಳಿದ್ದು. ಅಷ್ಟು ಸಾಕಿತ್ತು.

ಹೋಗುವವರು ದಪ್ಪ ಅಟ್ಟೆಯ, ಕಾಲು ಪೂರ್ತಿ ಮುಚ್ಚುವ ನೀರಿನ ಶೂ ಕೊಳ್ಳಿ. ಹವಳ ತರಚಿದರೆ ತಕ್ಷಣ ಸಿಹಿನೀರು, ಸೋಪಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆಯಿರಿ, ಆಮೇಲೆ ಕಡಲಿಗೆ ಇಳಿಯಬೇಡಿ. ತುರ್ತಾಗಿ ವಿಮಾನದಲ್ಲಿ ಸಾಗಿಸುವ ಖರ್ಚು ಇನ್ಶೂರೆನ್ಸಿನಲ್ಲಿ ಸೇರಿದೆಯಾ ಅಂತ ಹೊರಡುವ ಮೊದಲೇ ಓದಿ ನೋಡಿ.

ಭಾನುವಾರ ಊರೆಲ್ಲ ಚರ್ಚಿನಲ್ಲಿ. ನಾನು ಕಾಲನ್ನು ಕುರ್ಚಿಯ ಮೇಲಿಟ್ಟುಕೊಂಡು ವರಾಂಡದಲ್ಲಿ ಕೂತಿದ್ದೆ. ದಡದ ಹತ್ತಿರವೇ ಕಡಲು ತುಂಬ ಆಳ, ತಿಮಿಂಗಿಲ ಉಸಿರು ಬಿಡುವ ಶಬ್ದ ಅಲ್ಲಿಗೇ ಕೇಳುತ್ತಿತ್ತು. ಕಾಲಿನ ಕೆಂಪು ಡಾಕ್ಟರ ಗೆರೆಯನ್ನು ದಾಟಿರಲಿಲ್ಲ.

ಸೋಮವಾರ ವಿಮಾನ ಹತ್ತಿ ಕುಂಟುತ್ತಾ ಆಕ್ಲೆಂಡಿನಲ್ಲಿ ಇಳಿದರೆ ಮಂಗಳವಾರ. ಆಫೀಸಿಗೆ ನಾನು ರಜೆ ಹಾಕಿದ್ದು ಸೋಮವಾರದವರೆಗೆ ಮಾತ್ರ.